ಪ್ಲಾಸ್ಟಿಕ್ಕಿನ ಥ್ರೆಡ್ ಬೇರೆ, ಕಬ್ಬಿಣದ್ದು ಬೇರೆ

ಸಂಗೊಳ್ಳಿ ಕಡೆಯ ಹೊಲಗಳಿಗೆ ಪೈಪು ಜೋಡಿಸುವ ಕೆಲಸ ಈಗಷ್ಟೇ ಹಿಡಿದವರು ಮೊದಲು ಅರ್ಧ ಇಂಚಿನ ಒಂದು ಎಂಟಿಎ (ಹೊರಗೆ ಥ್ರೆಡ್ ಇರುವ ಅಡಾಪ್ಟರ್) ಕೈಗೆತ್ತಿಕೊಳ್ಳಿ. ಒಂದು ಬದಿ ಪಿವಿಸಿ ಪೈಪಿಗೆ ಅಂಟುತ್ತದೆ, ಇನ್ನೊಂದು ಬದಿಗೆ ಥ್ರೆಡ್. ಆ ಥ್ರೆಡ್ಡಿಗೆ ವರ್ನಿಯರ್ ಹಿಡಿದರೆ ಹೆಚ್ಚುಕಡಿಮೆ 21 ಮಿ.ಮೀ. ತೋರಿಸುತ್ತದೆ. ಅರ್ಧ ಇಂಚು ಎಂದರೆ 12.7 ತಾನೇ? ಗಾಬರಿ ಬೇಡ, ಅದು ಹಳೆಯ ಕಬ್ಬಿಣದ ಪೈಪಿನ ಒಳಬಾಯಿಯ ಲೆಕ್ಕ. ಇದು ಬಿಎಸ್‌ಪಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್) ಥ್ರೆಡ್: ಇಂಚಿಗೆ 14 ಸುತ್ತು, ಹಲ್ಲಿನ ಕೋನ 55 ಡಿಗ್ರಿ. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1841ರಲ್ಲಿ ಮುಂದಿಟ್ಟ ಕೋನ ಅದು. ಮೆಟ್ರಿಕ್ ನಟ್-ಬೋಲ್ಟಿನದು 60 ಡಿಗ್ರಿ. ಒಂದಕ್ಕೊಂದು ಒತ್ತಾಯದಿಂದ ಕೂಡಿಸಿದರೆ ಸೋಲುವುದು ಪ್ಲಾಸ್ಟಿಕ್ಕೇ.

ಬಿಎಸ್‌ಪಿಯಲ್ಲಿ ನೇರ ಥ್ರೆಡ್ಡೂ ಉಂಟು, ಮೊನೆಯತ್ತ ಸಣ್ಣಗಾಗುವ ಟೇಪರೂ ಉಂಟು. ಟೇಪರ್ ಬಿಗಿದಷ್ಟೂ ಬೆಣೆಯಂತೆ ಹಿಗ್ಗಿಸುತ್ತದೆ. ಕಬ್ಬಿಣ ತಾಳುತ್ತದೆ. ಒಳಗೆ ಥ್ರೆಡ್ ಇರುವ ಪ್ಲಾಸ್ಟಿಕ್ ಎಫ್‌ಟಿಎ ಅಂದು ಸುಮ್ಮನಿದ್ದು, ದಿನ ಕಳೆದ ಮೇಲೆ ಉದ್ದಕ್ಕೆ ಸೀಳುತ್ತದೆ. ನಳ ಕೂಡುವಲ್ಲಿ ಹಿತ್ತಾಳೆ ಬುಷ್ ಇರುವ ಬ್ರಾಸ್ ಎಲ್ಬೋ ಹಾಕುವುದು ಅದಕ್ಕೇ. ಉಳಿದ ಕಡೆ ಟೆಫ್ಲಾನ್ ಟೇಪ್ ಸುತ್ತಿ ಕೈಯಿಂದ ಬಿಗಿದು, ಪಾನಾದಿಂದ ಇನ್ನೊಂದು ಸುತ್ತು ಕೊಟ್ಟರೆ ಸಾಕು.

ಅದೇ ಎಂಟಿಎ ಮೇಲೆ ಉಗುರು ಆಡಿಸಿ. ಎದುರುಬದುರು ಎರಡು ಸಣ್ಣ ಗೆರೆ ತಾಗುತ್ತವೆ. ಅಚ್ಚಿನ ಎರಡು ಹೋಳು ಕೂಡಿದ ಜಾಗ ಅದು. ಹೋಳು ಸರಿದರೆ ಮಾಲು ಬಿಡುತ್ತದೆ. ತಲೆನೋವು ಒಳಗಿನ ಥ್ರೆಡ್ಡಿನದು. ಅದನ್ನು ಮೂಡಿಸುವ ಅಚ್ಚಿನ ಒಳತಿರುಳನ್ನು, ಅಂದರೆ ಕೋರನ್ನು, ತಿರುಗಿಸಿ ಹೊರತೆಗೆಯಬೇಕು, ಅದಕ್ಕೆ ಅಚ್ಚಿನಲ್ಲೇ ಗೇರು ಕೂಡಿಸಬೇಕು, ಖರ್ಚು ಏರುತ್ತದೆ. ಬೆಳಗಾವಿಯ ಜಿಟಿಟಿಸಿಯಂಥ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಡೆ ಅಚ್ಚಿನ ಕೆಲಸ ಕಲಿಯಲು ಹೋಗುವವರಿಗೆ ಇದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ಅಗ್ಗದ ಮುಚ್ಚಳಕ್ಕೆ ಬೇರೆ ಉಪಾಯವಿದೆ: ಥ್ರೆಡ್ ಗುಂಡಗೆ, ಗಿಡ್ಡಗೆ ಮಾಡಿ, ಪಾಲಿಪ್ರೊಪಿಲೀನ್ ಇನ್ನೂ ಬಿಸಿಯಿದ್ದು ಬಾಗುವಾಗಲೇ ಒತ್ತಿ ಕಳಚುತ್ತಾರೆ.

ಗುಂಡಗಿದ್ದರೆ ಇನ್ನೊಂದು ಲಾಭ. ಹಲ್ಲಿನ ಬುಡ ಚೂಪಾಗಿದ್ದರೆ ಬಲವೆಲ್ಲ ಅಲ್ಲೇ ಸೇರಿ ಬಿರುಕು ಹುಟ್ಟುತ್ತದೆ. ಕಬ್ಬಿಣದ ಬೋಲ್ಟ್ ನೋಡಿ ಪ್ಲಾಸ್ಟಿಕ್ಕಿಗೂ ನವಿರು ಥ್ರೆಡ್ ಹಾಕುವುದು ನನಗಂತೂ ಒಪ್ಪಿಗೆಯಿಲ್ಲ. ದಪ್ಪ ಥ್ರೆಡ್ಡೇ ವಾಸಿ. ಸೋಡಾ ಬಾಟಲಿಯ ಕತ್ತಿನಲ್ಲಿ ಥ್ರೆಡ್ ಅಲ್ಲಲ್ಲಿ ಕಡಿದಿರುತ್ತದಲ್ಲ, ಅದು ದೋಷವಲ್ಲ. ಮುಚ್ಚಳ ಪೂರ್ತಿ ಬಿಡುವ ಮೊದಲೇ ಗ್ಯಾಸ್ ಹೊರಹೋಗಲೆಂದು ಬಿಟ್ಟ ಸಂದು.

ಕೆಲವು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಥ್ರೆಡ್ಡೇ ಇರುವುದಿಲ್ಲ, ಬರೀ ತೂತು. ಸ್ಕ್ರೂ ತಾನೇ ದಾರಿ ಮಾಡಿಕೊಂಡು ಹೋಗುತ್ತದೆ. ಬಿಚ್ಚಿ ಮತ್ತೆ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. 'ಟಕ್' ಎಂದು ಹಳೆಯ ದಾರಿಗೆ ಬಿದ್ದ ಮೇಲೆ ಬಿಗಿಯಿರಿ. ಹಾಗೆ ಮಾಡದಿದ್ದರೆ ಪ್ರತಿ ಸಲ ಹೊಸ ದಾರಿ ಕೊರೆದು, ಕೊನೆಗೆ ಸ್ಕ್ರೂ ಹಿಡಿತವಿಲ್ಲದೆ ಸುಮ್ಮನೆ ಸುತ್ತತೊಡಗುತ್ತದೆ.