ಡಬ್ಬಿಗೆ ಬಿದ್ದ ಹಣ ಯಾರದು?

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿ ಮನೆ, ತೋಟಗಳು ಮಣ್ಣಿನಡಿ ಸೇರಿದವು. ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆಯ ನದಿದಂಡೆಯ ಊರುಗಳು ನೀರಿನಲ್ಲಿ ನಿಂತವು. 2024ರ ಜುಲೈನಲ್ಲಿ ಎರಡೇ ವಾರಗಳ ಅಂತರದಲ್ಲಿ ಅಂಕೋಲಾದ ಶಿರೂರು, ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಭೂಕುಸಿತದ ಸುದ್ದಿ ಬಂತು. ಇಂಥ ಹೊತ್ತಿನಲ್ಲಿ ಹೊರದೇಶದಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಕೈಕಟ್ಟಿ ಕೂರುವುದಿಲ್ಲ. ವಾಟ್ಸ್ಆ್ಯಪ್ ಗುಂಪು ಕಟ್ಟುತ್ತಾರೆ, ಕ್ಯಾಂಪಸ್ಸಿನಲ್ಲಿ ಹಣ ಎತ್ತುತ್ತಾರೆ, ಊರಿನಲ್ಲಿರುವ ಗೆಳೆಯನ ಖಾತೆಗೆ ಹಾಕಿಬಿಡುತ್ತಾರೆ. ತೊಡಕು ಶುರುವಾಗುವುದು ಈ ಕೊನೆಯ ಹೆಜ್ಜೆಯಲ್ಲಿ. ಹಣ ಯಾವ ದೇಶದಿಂದ ಬಂತು ಎಂಬುದಕ್ಕಿಂತ ಅದು ಯಾರ ಹಣ ಎಂಬುದನ್ನೇ ನಮ್ಮ ಕಾನೂನು ಮೊದಲು ಕೇಳುತ್ತದೆ. ಈ ಪ್ರಶ್ನೆಗೆ ಡಬ್ಬಿ ಇಡುವ ಮೊದಲೇ ಉತ್ತರ ಹುಡುಕಿಕೊಂಡ ವಿದ್ಯಾರ್ಥಿ ಸಂತ್ರಸ್ತರಿಗೆ ನಿಜವಾಗಿ ನೆರವಾಗಬಲ್ಲ. ಹುಡುಕಿಕೊಳ್ಳದವನು ತನ್ನ ಜೊತೆಗೆ ಊರಿನ ಗೆಳೆಯನನ್ನೂ ತೊಂದರೆಗೆ ಸಿಕ್ಕಿಸುತ್ತಾನೆ.

ಒಂದು ಸಂದರ್ಭ ಊಹಿಸಿಕೊಳ್ಳಿ. ಲೀಡ್ಸ್‌ನ ವಿಶ್ವವಿದ್ಯಾಲಯವೊಂದರ ಕ್ಯಾಂಟೀನಿನ ಪಕ್ಕ ಕನ್ನಡದ ವಿದ್ಯಾರ್ಥಿಗಳು ಮೇಜು ಹಾಕಿ, ಮುಚ್ಚಳದಲ್ಲಿ ಸೀಳು ಕೊರೆದ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಾರೆ. ಮಡಿಕೇರಿಯಿಂದ ಓದಲು ಹೋದ ಹುಡುಗಿ, ಸಂಜೆ ಅಂಗಡಿಯಲ್ಲಿ ದುಡಿದ ಸಂಬಳದಿಂದ ಇಪ್ಪತ್ತು ಪೌಂಡ್ ಹಾಕುತ್ತಾಳೆ. ಹಾಸನ ಮೂಲದ ತಂದೆತಾಯಿಗೆ ಅಲ್ಲೇ ಹುಟ್ಟಿ, ಬ್ರಿಟಿಷ್ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್ ಎರಡನ್ನೂ ಹೊಂದಿರುವ ಹುಡುಗನೂ ಇಪ್ಪತ್ತು ಹಾಕುತ್ತಾನೆ. ನೇಪಾಳದ ಸಹಪಾಠಿಯದು ಐದು, ಪಾಠ ಹೇಳುವ ಪ್ರೊಫೆಸರರದು ಐವತ್ತು. ಡಬ್ಬಿಗೆ ಬಿದ್ದ ಮೇಲೆ ಎಲ್ಲವೂ ಒಂದೇ ಹಣ. ಆದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅವುಗಳನ್ನು ಬೇರೆ ಬೇರೆಯಾಗಿ ನೋಡುತ್ತದೆ. ಭಾರತದ ಪೌರರು ಹೊರದೇಶದಲ್ಲಿದ್ದರೂ ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ ಎಂದು ಕೇಂದ್ರ ಗೃಹ ಸಚಿವಾಲಯವೇ ಸ್ಪಷ್ಟಪಡಿಸಿದೆ. ಮಡಿಕೇರಿಯ ಹುಡುಗಿಯ ಇಪ್ಪತ್ತು ಪೌಂಡಿಗೆ ಹೀಗಾಗಿ ಅಡ್ಡಿಯಿಲ್ಲ. ಹಾಸನ ಮೂಲದ ಹುಡುಗನ ಇಪ್ಪತ್ತಕ್ಕೆ ಅಡ್ಡಿಯಿದೆ: ಮನೆಯಲ್ಲಿ ಕನ್ನಡ ಆಡಿದರೂ, ಒಸಿಐ ಕಾರ್ಡ್ ಇದ್ದರೂ, ಪೌರತ್ವ ಬೇರೆಯಾದ್ದರಿಂದ ಕಾನೂನಿನ ಕಣ್ಣಿನಲ್ಲಿ ಅವನು ವಿದೇಶಿ ಮೂಲ. ನೇಪಾಳದವನೂ ಪ್ರೊಫೆಸರರೂ ಹಾಗೆಯೇ. ಅವರು ನಾಳೆ ಬೆಂಗಳೂರಿಗೇ ಬಂದು ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಹೆಸರಿಲ್ಲದ ನಗದು ಒಂದೇ ಡಬ್ಬಿಯಲ್ಲಿ ಬೆರೆತ ಮೇಲೆ ಇದು ನಮ್ಮ ಹುಡುಗಿಯ ಉಳಿತಾಯ ಎಂದು ಯಾವ ನೋಟಿನ ಮೇಲೂ ಬೆರಳಿಟ್ಟು ತೋರಿಸಲಾಗದು. ಆ ಇಡೀ ಮೊತ್ತವನ್ನು ವಿದೇಶಿ ದೇಣಿಗೆ ಎಂದೇ ಎಣಿಸುವುದು ಕ್ಷೇಮ.

ಇನ್ನು ಹಣ ಪಡೆಯುವವರ ಕಡೆ ನೋಡಿ. ಸಾಮಾಜಿಕ ಕೆಲಸಕ್ಕೆಂದು ವಿದೇಶಿ ದೇಣಿಗೆ ಸ್ವೀಕರಿಸುವ ಯಾರಿಗೇ ಆಗಲಿ, ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು ಎನ್ನುತ್ತದೆ ಕಾಯ್ದೆಯ 11ನೇ ಕಲಮು. ಊರಿನ ಯುವಕ ಸಂಘ, ದೇವಸ್ಥಾನದ ಸಮಿತಿ, ಗೆಳೆಯನ ಉಳಿತಾಯ ಖಾತೆ ಯಾವುದಕ್ಕೂ ವಿನಾಯಿತಿ ಇಲ್ಲ. ಉಲ್ಲಂಘನೆಗೆ ಐದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಅದರ ಮೇಲೆ ಆದಾಯ ತೆರಿಗೆಯ ತಲೆನೋವು ಬೇರೆ. ಬಂಧುಗಳಲ್ಲದವರಿಂದ ವರ್ಷವೊಂದರಲ್ಲಿ 50,000 ರೂಪಾಯಿ ಮೀರಿ ಹಣ ಬಂದರೆ ಅಷ್ಟೂ ಮೊತ್ತ ಖಾತೆದಾರನ ಆದಾಯವೆಂದು ಲೆಕ್ಕಕ್ಕೆ ಬರುತ್ತದೆ. ನೆರೆ ಪರಿಹಾರದ ಅಕ್ಕಿಬೇಳೆಗೆ ಅದನ್ನು ಕೊನೆಯ ಪೈಸೆಯವರೆಗೆ ಖರ್ಚು ಮಾಡಿದ ಪ್ರಾಮಾಣಿಕ ಹುಡುಗನೇ ಆಮೇಲೆ ಬಿಲ್ಲುಗಳ ಕಟ್ಟು ಹಿಡಿದು ವಿವರಣೆ ಕೊಡುತ್ತ ಅಲೆಯಬೇಕಾಗುತ್ತದೆ.

ಹಾಗಾದರೆ ಪ್ರೊಫೆಸರರ ಐವತ್ತು ಪೌಂಡ್ ಬೇಡವೆನ್ನಬೇಕೆ? ಖಂಡಿತ ಬೇಕಿಲ್ಲ. ಅದಕ್ಕೆ ತಕ್ಕ ದಾರಿ ಹಿಡಿಸಬೇಕು ಅಷ್ಟೆ. ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗಳ ಪಟ್ಟಿ ರಾಜ್ಯವಾರು, ಜಿಲ್ಲಾವಾರು ಗೃಹ ಸಚಿವಾಲಯದ ಜಾಲತಾಣದಲ್ಲೇ ಇದೆ. 2020ರ ತಿದ್ದುಪಡಿಯ ನಂತರ ಎಲ್ಲ ಸಂಸ್ಥೆಗಳೂ ವಿದೇಶಿ ದೇಣಿಗೆಯನ್ನು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಪಡೆಯಬೇಕು. ಇದು ಸಾಮಾನ್ಯ ದಾನಿಯ ಕೈಗೆ ಸಿಕ್ಕ ಒಳ್ಳೆಯ ಒರೆಗಲ್ಲು: ಸಂಸ್ಥೆ ಕಳಿಸಿದ ಬ್ಯಾಂಕ್ ವಿವರದಲ್ಲಿ ಐಎಫ್‌ಎಸ್‌ಸಿ ಸಂಕೇತ 0000691 ಎಂದು ಮುಗಿಯದೆ ಮಡಿಕೇರಿಯದೋ ಮೈಸೂರಿನದೋ ಶಾಖೆ ಕಂಡರೆ, ವಿದೇಶಿಯರ ಹಣವನ್ನು ಅಲ್ಲಿಗೆ ಕಳಿಸಬೇಡಿ. ಅದೇ ತಿದ್ದುಪಡಿ ಇನ್ನೊಂದು ಬಾಗಿಲನ್ನೂ ಮುಚ್ಚಿತು. ನೋಂದಾಯಿತ ಸಂಸ್ಥೆ ತಾನು ಪಡೆದ ವಿದೇಶಿ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ದೊಡ್ಡ ಹೆಸರಿನ ಸಂಸ್ಥೆ ಎಂದು ಕಳಿಸುವುದಕ್ಕೆ ಮುಂಚೆ, ಆ ತಾಲ್ಲೂಕಿನಲ್ಲಿ ಅವರದೇ ಕಾರ್ಯಕರ್ತರು ಕೆಲಸ ಮಾಡುತ್ತಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಸರ್ಕಾರಿ ನಿಧಿಗಳ ವಿಷಯದಲ್ಲೂ ವಿಚಾರಿಸದೆ ಮುಂದುವರಿಯುವುದು ಬೇಡ. ಪಿಎಂ ಕೇರ್ಸ್ ನಿಧಿಗೆ ಈ ಕಾಯ್ದೆಯಿಂದ ವಿನಾಯಿತಿ ಇದ್ದು, ವಿದೇಶಿ ದೇಣಿಗೆಗೆಂದೇ ಪ್ರತ್ಯೇಕ ಖಾತೆಯಿದೆ. ಆದರೆ ಮಹಾರಾಷ್ಟ್ರದ ಮುಖ್ಯಮಂತ್ರಿ ಪರಿಹಾರ ನಿಧಿಗೆ ಎಫ್‌ಸಿಆರ್‌ಎ ನೋಂದಣಿ ಸಿಕ್ಕಿದ್ದು 2025ರಲ್ಲಷ್ಟೇ.

ಮನೆ ಕೊಚ್ಚಿಹೋಗಿರುವಾಗ ಕಲಮು, ಕಾಯ್ದೆ ಎಂದು ಕೂರುವುದು ಅಮಾನವೀಯವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ವಿಪತ್ತಿನ ಮೊದಲ ಮೂರು ದಿನ ಬೇಕಾಗುವುದು ಹಗ್ಗ, ದೋಣಿ, ಜೆಸಿಬಿ, ಗಂಜಿ ಕೇಂದ್ರ. ಅದನ್ನು ಒದಗಿಸುವವರು ನೆರೆಹೊರೆಯವರು ಮತ್ತು ಜಿಲ್ಲಾಡಳಿತ. ಆ ಹೊತ್ತಿನ ಊಟ, ಕುಡಿಯುವ ನೀರು, ವಸತಿ, ವೈದ್ಯಕೀಯ ನೆರವಿಗೆ ಕನಿಷ್ಠ ಮಟ್ಟ ಇರಬೇಕೆಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಅದು ಸಂತ್ರಸ್ತರ ಹಕ್ಕು, ಯಾರ ಭಿಕ್ಷೆಯೂ ಅಲ್ಲ. ದೂರದಿಂದ ಬರುವ ಹಣ ನಿಜಕ್ಕೂ ಉಪಯೋಗಕ್ಕೆ ಬರುವುದು ಆಮೇಲೆ: ಮಕ್ಕಳ ಶುಲ್ಕ, ಕಳೆದುಹೋದ ಹಸು, ಬಾಡಿಗೆ ಮನೆಯ ಮುಂಗಡಕ್ಕೆ. ಕೊಡಗಿನ 2018ರ ಸಂತ್ರಸ್ತರಲ್ಲಿ ಅನೇಕ ಕುಟುಂಬಗಳಿಗೆ ಜಂಬೂರಿನಲ್ಲಿ ಹೊಸ ಮನೆ ಸಿಗುವ ಹೊತ್ತಿಗೆ 2020 ಬಂದಿತ್ತು. ಎರಡು ವರ್ಷ ಹಿಡಿಯುವ ಕೆಲಸಕ್ಕೆ ಹಣ ಸೇರಿಸುವವರು ಸರಿಯಾದ ಖಾತೆ ಹುಡುಕಲು ಎರಡು ದಿನ ಕಳೆದರೆ ಸಂತ್ರಸ್ತರಿಗೆ ನಷ್ಟವಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ದೊಡ್ಡ ನಿಧಿಗೆ ಹಾಕಿದ ಹಣ ನಮ್ಮೂರಿಗೆ ತಲುಪುತ್ತದೆಂಬ ಭರವಸೆ ಏನು, ನೇರವಾಗಿ ಕೊಡುವುದೇ ಮೇಲಲ್ಲವೇ ಎಂಬುದು ಅದು. ಭಾರತದ ಪೌರರಾದ ವಿದ್ಯಾರ್ಥಿಗಳಿಗೆ ಈ ಆಯ್ಕೆ ಇದ್ದೇ ಇದೆ. ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಊರಿನ ಟ್ರಸ್ಟಿಗೂ ಸಂತ್ರಸ್ತ ಕುಟುಂಬಕ್ಕೂ ಕಳಿಸಬಹುದು. ಟ್ರಸ್ಟಿನವರು ಪಾಸ್‌ಪೋರ್ಟ್ ಪ್ರತಿ ಕೇಳಿದರೆ ಬೇಸರಿಸದೆ ಕೊಡಿ, ಅದು ಅವರಿಗೆ ರಕ್ಷಣೆ. ವಿದೇಶಿ ಸ್ನೇಹಿತರ ಹಣ ನೋಂದಾಯಿತ ಸಂಸ್ಥೆಗೆ ಹೋದಾಗಲೂ ಲೆಕ್ಕ ಕೇಳುವ ದಾರಿ ಇದೆ: ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಲೆಕ್ಕಪರಿಶೋಧನೆ ಆದ ವಿವರವನ್ನು ಸಂಸ್ಥೆ ಬಹಿರಂಗಪಡಿಸಬೇಕು. ಆಡಳಿತ ವೆಚ್ಚ ದೇಣಿಗೆಯ ಶೇ 20 ಮೀರಕೂಡದು. ಹೀಗೆಂದ ಮಾತ್ರಕ್ಕೆ ಕಾನೂನಿನಲ್ಲಿ ಕೊರತೆ ಇಲ್ಲವೆಂದಲ್ಲ. ಸಹಪಾಠಿಯ ಐದು ಪೌಂಡಿಗೂ ಬಹುರಾಷ್ಟ್ರೀಯ ಕಂಪನಿಯ ಕೋಟಿಗೂ ಒಂದೇ ಅಳತೆಗೋಲು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಸಂಸ್ಥೆಗಳಿಗೂ ವ್ಯಕ್ತಿಗಳಿಗೂ ವಿನಾಯಿತಿ ಕೊಡುವ ಅಧಿಕಾರ 50ನೇ ಕಲಮಿನಡಿ ಕೇಂದ್ರಕ್ಕೆ ಇದ್ದೇ ಇದೆ. ವಿಪತ್ತು ಘೋಷಣೆಯಾದ ಜಿಲ್ಲೆಗಳಿಗೆ, ಸಣ್ಣ ಮೊತ್ತಗಳಿಗೆ, ಕೆಲವು ತಿಂಗಳ ಮಟ್ಟಿಗೆ ಅದನ್ನು ಬಳಸಬೇಕು. ಮಹಾರಾಷ್ಟ್ರ ಪಡೆದಂಥ ನೋಂದಣಿಯನ್ನು ಪ್ರತಿ ರಾಜ್ಯವೂ ಮಳೆಗಾಲಕ್ಕೆ ಮುಂಚೆಯೇ ಕೇಳಿ ಪಡೆದಿರಬೇಕು. ಆ ಬದಲಾವಣೆ ಬರುವವರೆಗೆ, ಅಪಾಯವನ್ನು ಊರಿನ ಗೆಳೆಯನ ತಲೆಗೆ ಕಟ್ಟುವುದು ಮಾತ್ರ ನ್ಯಾಯವಲ್ಲ.

ಓದುತ್ತಿರುವ ದೇಶದ ಕಾನೂನೂ ಇದೆ. ಬ್ರಿಟನ್ನಿನಲ್ಲಿ ಬೀದಿಯಲ್ಲಿ ಡಬ್ಬಿ ಹಿಡಿಯಲು ಪರವಾನಗಿ ಬೇಕು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸಾರ್ವಜನಿಕರಿಂದ ದೇಣಿಗೆ ಕೇಳುವ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಹೆಸರಿನಲ್ಲಿ, ಅದರ ಒಪ್ಪಿಗೆ ಪಡೆದು ಮಾಡಿದರೆ ಅರ್ಧ ತೊಡಕು ಕಳೆಯುತ್ತದೆ. ಹಣ ಭಾರತಕ್ಕೆ ಬಂದ ಮೇಲೆ ಅದನ್ನು ನಂಬಿ ಒಪ್ಪಿಸಿಕೊಂಡವರು ಬೇರೆಡೆ ಬಳಸಿದರೆ, ವಿಪತ್ತು ನಿರ್ವಹಣಾ ಕಾಯ್ದೆಯ 53ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸವೂ ದಂಡವೂ ಇದೆ. ಆದ್ದರಿಂದ ನಗದು ಡಬ್ಬಿಗಿಂತ ಹೆಸರು, ಪೌರತ್ವ, ಮೊತ್ತ, ದಿನಾಂಕ ಬರೆದ ಪಟ್ಟಿ ಲೇಸು. ಅದಕ್ಕಿಂತ ಲೇಸು, ಹಣವನ್ನು ಒಬ್ಬರ ಖಾತೆಯಲ್ಲಿ ಕೂಡಿಹಾಕದೆ ಪ್ರತಿಯೊಬ್ಬರೂ ತಮ್ಮ ಖಾತೆಯಿಂದಲೇ ನೇರ ಕಳಿಸುವುದು. ಭಾರತದಲ್ಲಿ ತೆರಿಗೆ ಕಟ್ಟುವವರಿಗೆ ರಿಯಾಯಿತಿ ದೊರೆಯುವುದಾದರೆ, ದಾನ ಅವರ ಹೆಸರಿನಲ್ಲೇ ದಾಖಲಾದಾಗ ಮಾತ್ರ. ಗುಂಪಿನಲ್ಲಿ ಇಪ್ಪತ್ತು ಮಂದಿ ಇದ್ದರೆ ಇಪ್ಪತ್ತು ವರ್ಗಾವಣೆ, ಇಪ್ಪತ್ತು ರಸೀದಿ.