ಮೈಗೆ ಹಚ್ಚುವ ಬಣ್ಣಗಳಲ್ಲಿ ಭಾರಲೋಹ: ಮಾರಾಟಗಾರನ ಹೊಣೆ

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ಸಂತೆ-ಜಾತ್ರೆಗಳಲ್ಲಿ ಕುಂಕುಮ, ಸಿಂಧೂರಗಳನ್ನು ರಾಶಿ ಹಾಕಿ ತೂಗಿ ಮಾರುವುದು ಹಳೆಯ ರೂಢಿ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇರುವ ಈ ಸೀಮೆಯಲ್ಲಿ ದೊಡ್ಡಾಟದ ವೇಷಕ್ಕೂ ಬಣ್ಣ ಬೇಕು. ಈ ಪುಡಿಗಳ ಲಾಭಾಂಶ ಅಲ್ಪ. ಆದರೆ ಅವುಗಳ ಹಿಂದಿರುವ ಕಾನೂನಿನ ಹೊಣೆ ಅಲ್ಪವಲ್ಲ.

ಬಯಲಾಟದ ಬಣ್ಣಗಾರಿಕೆಯಲ್ಲಿ ಪರಂಪರೆಯಿಂದ ಬಂದ ಹಳದಿಯ ಅರದಾಳವು ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಕೆಂಪು ಇಂಗಳೀಕವು ಪಾದರಸ ಮತ್ತು ಗಂಧಕದ್ದು. ಸಿಂಧೂರವೆಂಬ ಹೆಸರು ಮೂಲತಃ ಸೀಸದ ಆಕ್ಸೈಡಿಗೆ ಸಲ್ಲುತ್ತದೆ. ಬಿಳಿಯ ಸಫೇತವಂತೂ ಸತುವಿನದೂ ಇರಬಹುದು, ಸೀಸದ್ದೂ ಇರಬಹುದು. ಎರಡಕ್ಕೂ ಹೆಸರು ಒಂದೇ. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮದಲ್ಲಿ ಇಂಥ ಭಯವಿಲ್ಲ. ಆದರೆ ಅದರ ಬಣ್ಣ ಮಂಕು. ಗಿರಾಕಿ ಕೇಳುವುದು ಹೊಳಪನ್ನು. ಕಲಬೆರಕೆಗೆ ದಾರಿಯಾಗುವುದು ಅಲ್ಲಿಯೇ.

2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 118 ಸಿಂಧೂರ ಮಾದರಿಗಳ ಪರೀಕ್ಷಾಫಲವನ್ನು ಪ್ರಕಟಿಸಿದರು. ಭಾರತದಿಂದ ತರಿಸಿದ 23 ಮಾದರಿಗಳಲ್ಲಿ ಶೇ. 43ರಷ್ಟು ಹತ್ತು ಲಕ್ಷಕ್ಕೆ 20 ಭಾಗ ಸೀಸದ ಮಿತಿಯನ್ನು ಮೀರಿದ್ದವು. ನಮ್ಮ ನಿಯಮವೂ ಇದೇ ಮಿತಿಯನ್ನು ಇಟ್ಟುಕೊಂಡಿದೆ: ಕಾಂತಿವರ್ಧಕಕ್ಕೆ ಬಳಸುವ ಸಾವಯವ ಬಣ್ಣದ ಒಂದು ಕಿಲೋದಲ್ಲಿ ಸೀಸ 20 ಮಿಲಿಗ್ರಾಂ, ಆರ್ಸೆನಿಕ್ 2 ಮಿಲಿಗ್ರಾಂ ಮೀರಕೂಡದು. ಬಣ್ಣಕ್ಕಾಗಿಯೇ ಸೀಸ ಅಥವಾ ಆರ್ಸೆನಿಕ್ ಸಂಯುಕ್ತಗಳನ್ನು ಬೆರೆಸುವುದಂತೂ ಪೂರ್ಣ ನಿಷಿದ್ಧ.

1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ, ರೂಪವನ್ನು ಹೆಚ್ಚಿಸಲು ಅಥವಾ ಬದಲಿಸಲು ಶರೀರಕ್ಕೆ ಹಚ್ಚುವ ವಸ್ತುವೆಲ್ಲ ಕಾಂತಿವರ್ಧಕವೇ. ಕಲಬೆರಕೆಯ ಕಾಂತಿವರ್ಧಕವನ್ನು ಮಾರಿದವನಿಗೆ 27ಎ ಕಲಮಿನನ್ವಯ ಮೂರು ವರ್ಷದವರೆಗೆ ಸೆರೆವಾಸ. ಜೊತೆಗೆ ಕನಿಷ್ಠ 50,000 ರೂಪಾಯಿ ಅಥವಾ ಜಪ್ತಾದ ಮಾಲಿನ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅದಕ್ಕೆ ಕಡಿಮೆಯಾಗದ ದಂಡ.

ಚಿಲ್ಲರೆ ವರ್ತಕನಿಗೆ ರಕ್ಷಣೆ ಇಲ್ಲವೆಂದಲ್ಲ. 19(3)ನೇ ಕಲಮು ಅದನ್ನು ಕೊಟ್ಟಿದೆ. ಮಾಲು ಪರವಾನಗಿ ಪಡೆದ ತಯಾರಕ ಅಥವಾ ವಿತರಕನಿಂದ ಬಂದದ್ದು; ಸೂಕ್ತ ಎಚ್ಚರ ವಹಿಸಿದರೂ ದೋಷ ತಿಳಿಯುವಂತಿರಲಿಲ್ಲ; ಬಂದ ಸ್ಥಿತಿಯಲ್ಲಿಯೇ ಅದನ್ನು ಸರಿಯಾಗಿ ಇಡಲಾಗಿತ್ತು. ಈ ಮೂರನ್ನೂ ಆತನೇ ಸಿದ್ಧಪಡಿಸಬೇಕು. ಖರೀದಿ ಬಿಲ್ ಇಲ್ಲದೆ ಮೊದಲನೆಯದು ನಿಲ್ಲದು. ಚೀಲ ಬಿಚ್ಚಿ ಬೇರೆ ಪುಡಿಯೊಡನೆ ಬೆರೆಸಿದ ಮೇಲೆ ಮೂರನೆಯದೂ ನಿಲ್ಲದು.

ತೊಡಕು ಇರುವುದು ಬಿಲ್ಲಿನಲ್ಲಿಯೇ. ಕುಂಕುಮ, ಸಿಂಧೂರಗಳಿಗೆ ಜಿಎಸ್‌ಟಿ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವನು ನೋಂದಣಿ ಮಾಡಿಸಬೇಕಾಗಿಯೂ ಇಲ್ಲ. ತೆರಿಗೆ ಹಿಂಪಡೆಯುವ ಪ್ರಶ್ನೆಯೇ ಇರದುದರಿಂದ ಕೊಂಡವನೂ ಕಾಗದ ಕೇಳುವುದಿಲ್ಲ. ತೆರಿಗೆಯ ಲೆಕ್ಕಕ್ಕೆ ಬೇಡವಾದ ಆ ಕಾಗದವೇ ಫೌಜದಾರಿ ಪ್ರಕರಣದಲ್ಲಿ ಮುಖ್ಯ ಸಾಕ್ಷ್ಯವೆಂಬುದನ್ನು ಬಹಳ ಜನ ಗಮನಿಸಿಲ್ಲ.

ಇನ್ನೊಂದು ಸಂಗತಿ. ಗಿರಾಕಿಯೆದುರು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಡುವುದು ಚಿಲ್ಲರೆ ವ್ಯಾಪಾರದ ಸಹಜ ಕ್ರಮ. ಕಾಯ್ದೆ ಅದನ್ನು ತಯಾರಿಕೆ ಎನ್ನುವುದಿಲ್ಲ. ಆದರೆ 25 ಕಿಲೋ ಚೀಲ ತರಿಸಿ, 50 ಗ್ರಾಂ ಪಾಕೀಟು ಮಾಡಿ, ಸ್ವಂತ ಹೆಸರಿನ ಚೀಟಿ ಅಂಟಿಸಿ ಹಳ್ಳಿಯ ಅಂಗಡಿಗಳಿಗೆ ಕಳಿಸಿದರೆ ವರ್ತಕನು ತಯಾರಕನೇ ಆಗುತ್ತಾನೆ. ಆಗ ತಯಾರಿಕಾ ಪರವಾನಗಿ ಬೇಕು. 19(3)ರ ಆಸರೆಯೂ ತಪ್ಪುತ್ತದೆ.

ಮಾಲಿನ ಬಗ್ಗೆ ಸಂಶಯವಿದ್ದವರಿಗೆ 26ನೇ ಕಲಮು ಒಂದು ದಾರಿ ತೋರಿಸಿದೆ. ಯಾವ ವ್ಯಕ್ತಿಯೂ ತಾನು ಕೊಂಡ ಕಾಂತಿವರ್ಧಕವನ್ನು ನಿಗದಿತ ಶುಲ್ಕ ತುಂಬಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷಿಸಿಕೊಂಡು, ಸಹಿ ಮಾಡಿದ ವರದಿ ಪಡೆಯಬಹುದು. ಈ ಹಕ್ಕು ವರ್ತಕನಿಗೆ ಇರುವಂತೆ ಆತನ ಗಿರಾಕಿಗೂ ಇದೆ.