ವಿದೇಶದ ಹಾಸ್ಟೆಲ್: ದೂರಿಗೆ ಎರಡೇ ವರ್ಷ

ಕುದೇರು, ಸಂತೇಮರಹಳ್ಳಿ ಕಡೆಯಿಂದ ಮಕ್ಕಳನ್ನು ಎಂಬಿಬಿಎಸ್‌ಗೆಂದು ರಷ್ಯಾಕ್ಕೋ ಕಿರ್ಗಿಸ್ತಾನಕ್ಕೋ ಕಳಿಸಲು ಹೊರಟವರು ಕಾಲೇಜಿನ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಹಾಸ್ಟೆಲ್ ವಿಷಯಕ್ಕೆ ಮಾತ್ರ ಏಜೆಂಟ್ ಹೇಳಿದ್ದೇ ವೇದವಾಕ್ಯ: ಎಲ್ಲಾ ಪ್ಯಾಕೇಜಲ್ಲೇ ಬರುತ್ತೆ. ಹೋದ ಮೇಲೆ ಇಬ್ಬರ ಕೋಣೆಗೆ ನಾಲ್ವರು, ಚಳಿಗಾಲದಲ್ಲಿ ಕೆಲಸ ಮಾಡದ ಹೀಟರ್. ಆದರೂ ಯಾರೂ ದೂರು ಕೊಡುವುದಿಲ್ಲ. ಹೆದರಿಕೆಯ ಜೊತೆಗೆ ಇನ್ನೊಂದು ಕಾರಣವಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕನಿಷ್ಠ 54 ತಿಂಗಳ ಕೋರ್ಸು, 12 ತಿಂಗಳ ಇಂಟರ್ನ್‌ಶಿಪ್ ಎರಡೂ ಒಂದೇ ವಿದೇಶಿ ಸಂಸ್ಥೆಯಲ್ಲಿ ಮುಗಿಯಬೇಕು. ಕೋಣೆ ಸರಿಯಿಲ್ಲವೆಂದು ಕಾಲೇಜು ಬಿಡುವಂತಿಲ್ಲ, ಏಜೆಂಟನ ಧೈರ್ಯವೂ ಅದೇ. ಓದು ಮುಗಿಸಿ ಬರಲಿ, ಆಮೇಲೆ ನೋಡಿಕೊಳ್ಳೋಣ ಎಂದು ಮನೆಯವರು ಕಾಯುತ್ತಾರೆ. ಕೇಸು ಕೈಬಿಟ್ಟುಹೋಗುವುದೇ ಇಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 69ನೇ ಕಲಂ ದೂರಿಗೆ ಕೊಡುವುದು ಎರಡೇ ವರ್ಷ. ತಡವನ್ನು ಮನ್ನಿಸುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ ನಿಜ, ಅದನ್ನೇ ನಂಬಿ ಕೂರಬೇಡಿ.

ಹಾಸ್ಟೆಲ್ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿದ್ದರೆ ಕೇಸು ಇಲ್ಲಿ ಹೇಗೆ ಎಂದು ಕೇಳುತ್ತೀರಿ. ಮಾತು ಕೊಟ್ಟವನು, ದುಡ್ಡು ಇಸಿದುಕೊಂಡವನು ಇಲ್ಲೇ ಇದ್ದಾನಲ್ಲ. ದೂರುದಾರ ವಾಸಿಸುವ ಊರಿನ ಆಯೋಗಕ್ಕೇ ಹೋಗಬಹುದು, ಎಂದರೆ ದುಡ್ಡು ಕಟ್ಟಿದ ತಂದೆ ಅಥವಾ ತಾಯಿ ಚಾಮರಾಜನಗರದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ವಿಶ್ವವಿದ್ಯಾಲಯದ ಪಾಠದ ಬಗ್ಗೆ ದೂರಬೇಡಿ. ಶಿಕ್ಷಣ ಗ್ರಾಹಕ ಸೇವೆಯೇ ಎಂಬ ತಕರಾರೆತ್ತಿ ಎದುರು ವಕೀಲರು ದಿನ ತಳ್ಳುತ್ತಾರೆ. ಏಜೆಂಟ್ ಒಪ್ಪಿಕೊಂಡ ಕೋಣೆ, ಊಟ, ಹೀಟರ್ ಇಷ್ಟಕ್ಕೇ ದೂರನ್ನು ಕಟ್ಟಿ. ಅದಕ್ಕೆ ಪುರಾವೆ ಬೇಕು. ನಗದು ಕೊಟ್ಟು ವಿಸಿಟಿಂಗ್ ಕಾರ್ಡ್ ಹಿಂದೆ ಮೊತ್ತ ಬರೆಸಿಕೊಂಡವರಿಗೆ ಯಾವ ಕಲಮೂ ನೆರವಾಗದು. ಹಾಸ್ಟೆಲ್ ಬಾಬ್ತು ಬೇರೆ ರಸೀದಿ ಕೇಳಿ. ಶಿಕ್ಷಣ ಸಾಲವಿದ್ದರೆ ಬ್ಯಾಂಕಿನಿಂದ ನೇರ ವಿಶ್ವವಿದ್ಯಾಲಯಕ್ಕೇ ಕಟ್ಟಿಸಿ. ಏಜೆಂಟ್ ಬೇಡವೆಂದರೆ ಏಕೆ ಬೇಡವೆನ್ನುತ್ತಾನೆ, ಯೋಚಿಸಿ. ವಾಟ್ಸಾಪ್ ಮಾತುಕತೆ ಅಳಿಸಬೇಡಿ, ಫೋನು ಬದಲಿಸಿದರೂ ಹಳೆಯದನ್ನು ಮಾರಬೇಡಿ.

ದೂರು ಕೊಟ್ಟರೆ ವೀಸಾ ಹೋಗುತ್ತೆ ಎಂದು ಏಜೆಂಟ್ ಹೆದರಿಸುತ್ತಾನೆ. ವೀಸಾ ಕೊಡುವುದು ಆ ದೇಶದ ಸರ್ಕಾರ, ಇವನಲ್ಲ. ಆದರೆ ಸಿಟ್ಟಿನಲ್ಲಿ ಹಾಸ್ಟೆಲ್ ಬಿಟ್ಟು ಹೊರಗೆ ಕೋಣೆ ಹಿಡಿಯಬೇಡಿ: ರಷ್ಯಾದಲ್ಲಿ ವಿದೇಶಿಯರ ನೋಂದಣಿ ವಿಳಾಸಕ್ಕೆ ಅಂಟಿಕೊಂಡಿದೆ, ವಿಳಾಸ ಬದಲಿಸಿ ತಿಳಿಸದಿದ್ದರೆ ತೊಂದರೆ ವಿದ್ಯಾರ್ಥಿಗೇ. ಮೊದಲು ವಿಶ್ವವಿದ್ಯಾಲಯಕ್ಕೆ ಲಿಖಿತ ದೂರು, ಆಮೇಲೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್. ರಾಯಭಾರ ಕಚೇರಿ ಹಾಸ್ಟೆಲ್ ರಿಪೇರಿ ಮಾಡಿಸದು, ದೂರಿನ ನಂಬರು ಮತ್ತು ತಾರೀಖು ಮಾತ್ರ ನಿಮ್ಮ ಕೈಯಲ್ಲಿ ಉಳಿಯುತ್ತವೆ. ಏಜೆಂಟನ ಮೇಲೆ ದೂರು ಕೊಡಲು ಹೋದರೆ ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ಮ್ಯಾಟರ್ ಎಂದು ಎಬ್ಬಿಸಿ ಕಳಿಸುವವರಿಗೆ ಏನು ಹೇಳೋಣ! ಮೊದಲಿನಿಂದಲೂ ಮೋಸದ ಉದ್ದೇಶವಿದ್ದರೆ ಅದು ಅಪರಾಧವೇ. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಮಗಳೋ ಮಗನೋ ಕೋಣೆ ಸರಿಯಿಲ್ಲವೆಂದು ಮೊದಲು ಫೋನು ಮಾಡಿದ ತಾರೀಖು ಬರೆದಿಡಿ. ಎರಡು ವರ್ಷದ ಲೆಕ್ಕವನ್ನು ಅಂದಿನಿಂದಲೇ ಇಟ್ಟುಕೊಳ್ಳಿ.